ಮೊಣಕೈ ತಿರುವಿನ ದನಿ

ಸಂಜೆಗೆ ಇನ್ನೂ ಹೊತ್ತಿದ್ದರೂ ದೀಪ ಹಚ್ಚಬೇಕಾಗಿತ್ತು. ಗುಡ್ಡದ ಬುಡದ ಆ ಪುಟ್ಟ ವಸತಿಗೃಹದ ತಗಡಿನ ಮಾಡಿನ ಮೇಲೆ ಮಳೆ ಬೀಳುವ ರಭಸಕ್ಕೆ ಪಕ್ಕದಲ್ಲಿ ಕೂತವರ ಮಾತೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಸೈಕಲ್ ಸವಾರಿಗೆಂದು ಬಂದಿದ್ದ ನಾಲ್ವರು ಗೆಳೆಯರು ಅರ್ಧ ದಾರಿಯಿಂದಲೇ ತೊಯ್ದು ತೊಪ್ಪೆಯಾಗಿ ಹಿಂತಿರುಗಿ, ಸಾಕ್ಸುಗಳನ್ನು ಒಲೆಯ ಮೇಲಿನ ತಂತಿಗೆ ನೇತುಹಾಕಿ, ಚಹಾ ಹೀರುತ್ತ ಕೂತಿದ್ದರು. ಮಳೆ ಬಿಟ್ಟರೆ ನಾಳೆ ಗುಡ್ಡದ ಹಳೇ ರಸ್ತೆ ಹಿಡಿಯೋಣ, ಏರು ಅಂಥ ಕಡಿದಲ್ಲ, ವಾಹನಗಳ ಕಾಟವೂ ಇಲ್ಲ ಎಂದು ಅವರಲ್ಲೊಬ್ಬ ನಕ್ಷೆ ಬಿಡಿಸಿ ಬೆರಳಾಡಿಸುತ್ತಿದ್ದ.

ಒಲೆಯ ಪಕ್ಕದ ಕುರ್ಚಿಯಲ್ಲಿ ಮನೆಯ ಯಜಮಾನ ಕಣ್ಣು ಮುಚ್ಚಿ ಕೂತಿದ್ದ. ಎಲ್ಲರಿಗೂ ಆತ ತಾತ. ನಿದ್ದೆ ಹೋಗಿದ್ದಾನೆಂದೇ ಅವರು ತಿಳಿದಿದ್ದರು.

"ಆ ದಾರಿ ಬಗ್ಗೆ ನಕ್ಷೆ ಏನು ಹೇಳುತ್ತಪ್ಪಾ..." ಎಂದ ತಾತ, ಕಣ್ಣು ತೆರೆಯದೆ. "ನಾನು ಹೇಳ್ತೀನಿ ಕೇಳಿ. ಆಮೇಲೆ ಹೋಗೋದು ಬಿಡೋದು ನಿಮಗೆ ಬಿಟ್ಟಿದ್ದು. ಸ್ವಲ್ಪ ಹತ್ತಿರ ಬನ್ನಿ. ಈ ಮಳೆ ಜೊತೆ ಜಗಳ ಆಡೋ ಗಂಟಲಲ್ಲ ಈಗ ನಂದು."

ನಾಲ್ವರೂ ಕುರ್ಚಿ ಎಳೆದುಕೊಂಡರು. ತಾತ ಹೇಳಿದ ಕತೆ ಇದು.

ಈ ಮನೆಯ ಮಹಡಿಯಲ್ಲಿ ಒಂದು ಕಾಲಕ್ಕೆ ಅಕ್ಕ ತಂಗಿ ಇಬ್ಬರು ಬಾಡಿಗೆಗಿದ್ದರು. ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಟೈಲರಕ್ಕ ಎಂಬ ಹೆಸರೇ ನಿಂತುಬಿಟ್ಟಿತ್ತು. ಮದುವೆಯ ಗೋಜಿಗೆ ಹೋದವಳಲ್ಲ. ಮಾತೂ ಕಡಿಮೆ. ಮೂರು ಹೊತ್ತೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವವಳು ಮಾತಾಡುವುದಾದರೂ ಹೇಗೆ? ತಂಗಿ ಇದಕ್ಕೆ ತದ್ವಿರುದ್ಧ. ಪಟ್ಟಣದಿಂದ ಬರುವ ಸವಾರರನ್ನು ಕಟ್ಟಿಕೊಂಡು ಗುಡ್ಡದ ಸಣ್ಣ ರಸ್ತೆಗಳಲ್ಲಿ ಸೈಕಲ್ ಮೇಲೆ ಸುತ್ತಾಡಿಸುವುದೇ ಅವಳ ಕಸುಬು. ಎಲ್ಲಿ ಡಾಂಬರು ಕಿತ್ತಿದೆ, ಎಲ್ಲಿಯ ನಾಯಿ ಅಟ್ಟಿಸಿಕೊಂಡು ಬರುತ್ತದೆ, ಯಾವ ಏರಿನಲ್ಲಿ ಎದುರುಗಾಳಿ ಎದೆಗೆ ಒದೆಯುತ್ತದೆ, ಎಲ್ಲವೂ ಅವಳಿಗೆ ಅಂಗೈ ಗೆರೆ. ಆದರೆ ಮುಂದೆ ಹೋಗುವವಳಲ್ಲ. ಯಾವಾಗಲೂ ಎಲ್ಲರಿಗಿಂತ ಹಿಂದೆ. ಏದುಸಿರು ಬಿಡುವವನೊಬ್ಬ ಹಿಂದುಳಿದು ಒಂಟಿಯಾಗಬಾರದು ನೋಡಿ, ಅದಕ್ಕೆ. ದೂರದಲ್ಲೆಲ್ಲೋ ವಾಹನದ ಸದ್ದಾದರೆ ಸಾಕು, ಹಿಂದಿನಿಂದ "ಎಡಕ್ಕೆ" ಎಂದು ಕೂಗುತ್ತಿದ್ದಳು. ಎದುರು ಗುಡ್ಡವೇ ಓಗೊಡುವಂಥ ದನಿ.

ಅವಳಿಗೊಬ್ಬಳು ಪುಟ್ಟ ಮಗಳು, ಗುಬ್ಬಿ. ಗಂಡ ಅನ್ನಿಸಿಕೊಂಡವನು ಮಗು ಹುಟ್ಟುವ ಮೊದಲೇ ಕೈಕೊಟ್ಟು ಹೋಗಿದ್ದ. ತಾಯಿ ರಸ್ತೆಯ ಮೇಲಿದ್ದಾಗ ಮಗು ದೊಡ್ಡಮ್ಮನ ಹೊಲಿಗೆ ಯಂತ್ರದ ಕೆಳಗೆ ಚಿಂದಿ ಬಟ್ಟೆ ಆಯ್ದುಕೊಂಡು ಆಡುತ್ತಿತ್ತು.

ಹೀಗಿರುವಾಗ... ಒಂದು ಬೆಳಿಗ್ಗೆ ಗುಡ್ಡದ ಮೇಲೆ ಮಂಜು ಬಿದ್ದಿತ್ತು. ಎಂಥ ಮಂಜು ಅಂತೀರಿ? ತನ್ನ ಸೈಕಲಿನ ಮುಂದಿನ ಗಾಲಿ ತನಗೇ ಕಾಣದಂಥದು. ಮೇಲೆ ರಸ್ತೆ ಮಡಚಿದ ಕೈಯ ಹಾಗೆ ಬಾಗುವ ಕಡೆ ಮೊಣಕೈ ತಿರುವು ಅಂತ ಇದೆ. ಅಲ್ಲಿ ಎದುರಿನಿಂದ ಮರದ ದಿಮ್ಮಿ ಹೇರಿದ ಲಾರಿ ಬಂತು. ತಂಗಿ ಕೂಗಿದಳು, ಎಲ್ಲರೂ ಎಡಕ್ಕೆ ಸರಿದರು. ಒಬ್ಬ ಮಾತ್ರ, ಹೊಸಬ, ನಡುರಸ್ತೆಯಲ್ಲಿ ಕೈಕಾಲು ಆಡದೆ ನಿಂತುಬಿಟ್ಟ. ಅವಳು ಬಂದ ರಭಸಕ್ಕೇ ಅವನನ್ನು ಎಡಕ್ಕೆ ನೂಕಿದಳು. ಅವನು ಉಳಿದ. ಅವಳು ಬಲಗಡೆಯಲ್ಲಿ ಉಳಿದುಹೋದಳು...

ಟೈಲರಕ್ಕ ಅಳಲಿಲ್ಲ. ಎಲ್ಲ ಮುಗಿದ ಮೇಲೆ ತಂಗಿಯ ಸೈಕಲ್ಲನ್ನು ರಿಪೇರಿ ಮಾಡಿಸಿ ತಂದಳು. ತಲೆಯಲ್ಲಿ ನರೆ ಇಣುಕುವ ವಯಸ್ಸಿಗೆ ಹಿತ್ತಲ ಗೋಡೆ ಹಿಡಿದು ಹಿಡಿದು, ಬಿದ್ದು ಎದ್ದು, ಮಂಡಿ ತರಚಿಕೊಂಡು ಸವಾರಿ ಕಲಿತಳು. ಆ ಜಾಗ ನೋಡಬೇಕಾದರೆ ನಡೆದೇ ಹೋಗಬಹುದಿತ್ತಲ್ಲ ಅಂತೀರಾ? ತಾತನ ಹೆಂಡತಿಯೂ ಹಾಗೇ ಕೇಳಿದ್ದಳು. ತಂಗಿ ನೋಡಿದ ಹಾಗೆ ನಾನೂ ನೋಡಬೇಕು ಎಂದಷ್ಟೇ ಹೇಳಿದ್ದಳಂತೆ ಟೈಲರಕ್ಕ.

ಒಂದು ಭಾನುವಾರ ಬೆಳಿಗ್ಗೆ ಮಗುವನ್ನು ಕೆಳಗೆ ತಾತನ ಹೆಂಡತಿಯ ಬಳಿ ಬಿಟ್ಟು ಹೊರಟಳು. ಸ್ವಲ್ಪ ದೂರ ತುಳಿಯುವುದು, ಸ್ವಲ್ಪ ದೂರ ಇಳಿದು ತಳ್ಳುವುದು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಬಿಸಿಲು ತೆಳ್ಳಗಿತ್ತು, ಇಳಿಜಾರಿನ ಹುಲ್ಲಿನಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು. ಇಷ್ಟು ಚಂದದ ಜಾಗಕ್ಕೆ ಒಂದು ದಿನವೂ ಅವಳ ಜೊತೆ ಬರಲಿಲ್ಲವಲ್ಲ ಎಂದುಕೊಂಡಳು. ತಿರುವು ಹತ್ತಿರ ಬಂತು. ಆಗ ಹಿಂದೆ ಇನ್ನೊಂದು ಸೈಕಲ್ಲಿನ ಸದ್ದು... ತುಳಿಯುವುದು ನಿಲ್ಲಿಸಿದಾಗ ಬರುವ ಕಟಕಟ ಸದ್ದು ಇರುತ್ತದಲ್ಲ, ಅದು. ಅದರ ಹಿಂದೆಯೇ, ಮೆಲ್ಲಗೆ:

"ಅಕ್ಕಾ, ಎಡಕ್ಕೆ."

ಯೋಚಿಸುವ ಮೊದಲೇ ಕೈ ತಿರುಗಿತ್ತು. ಎಂಜಿನ್ ಆರಿಸಿಕೊಂಡು ಸದ್ದಿಲ್ಲದೆ ಇಳಿಜಾರಿನಲ್ಲಿ ಉರುಳಿ ಬಂದ ಲಾರಿಯೊಂದು ಅವಳ ತೋಳು ಸವರಿಕೊಂಡೇ ಹೋಯಿತು. ತಿರುಗಿ ನೋಡಿದರೆ ಹಿಂದೆ ಖಾಲಿ ರಸ್ತೆ. ಹೆದರಿಕೆಯಾಗಲಿಲ್ಲವಾ? ಇಲ್ಲ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ತಂಗಿ ಹೋದ ಮೇಲೆ ಮೊದಲ ಸಲ ಮನಸಾರೆ ಅತ್ತಳು. ಅದು ದುಃಖಕ್ಕಲ್ಲ, ಸಂತೋಷಕ್ಕೆ.

ಅಲ್ಲಿಂದ ಮುಂದೆ ಭಾನುವಾರ ತಪ್ಪಿಸಲಿಲ್ಲ. ಟೈಲರಕ್ಕನ ಮುಖದಲ್ಲಿ ಕಳೆ ಬಂತು, ಹೊಲಿಯುವಾಗ ಗುನುಗುವುದೂ ಶುರುವಾಯಿತು. ಹಿಂದಿನ ದನಿ ಮುಂದೆ ಜಲ್ಲಿಯಿದೆ ಎನ್ನುತ್ತಿತ್ತಂತೆ, ಬ್ರೇಕು ಮೆಲ್ಲಗೆ ಹಿಡಿ ಎನ್ನುತ್ತಿತ್ತಂತೆ, ಗುಬ್ಬಿ ಸರಿಯಾಗಿ ಊಟ ಮಾಡುತ್ತಾಳಾ ಎಂದು ವಿಚಾರಿಸುತ್ತಿತ್ತಂತೆ. ಇದನ್ನೆಲ್ಲ ಅವಳೇ ತಾತನಿಗೂ ಆತನ ಹೆಂಡತಿಗೂ ಹೇಳಿದ್ದು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಅವರು ಹೂಂಗುಟ್ಟಿದರು.

ಆಮೇಲಾಮೇಲೆ ದನಿಯ ಮಾತು ಬೇರೆಯಾಯಿತು. ಇಷ್ಟು ಬೇಗ ಹೋಗ್ತೀಯಾ ಎನ್ನತೊಡಗಿತು. ಇಲ್ಲಿ ಚಳಿ ಎಂದಿತು. ಒಂದು ದಿನ ಗುಬ್ಬಿಯನ್ನು ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಕೇಳಿತು. ಟೈಲರಕ್ಕ ಆ ದಿನ ಮನೆಗೆ ಬಂದವಳೇ ಮಗುವನ್ನು ಅವಚಿಕೊಂಡು ಕೂತುಬಿಟ್ಟಳು. ಮತ್ತೆ ಹೋಗಬಾರದು ಎಂದುಕೊಂಡಳು. ಆದರೂ ಒಡಹುಟ್ಟಿದವಳಲ್ಲವಾ... ಕರುಳು ಕೇಳಬೇಕಲ್ಲ? ಮುಂದಿನ ಭಾನುವಾರ ಮತ್ತೆ ಹೊರಟಳು.

ಅವತ್ತು ಅದೇ ಮಂಜು. ತಿರುವಿನವರೆಗೂ ಹಿಂದೆ ಸದ್ದಿಲ್ಲ. ತಿರುವಿಗೆ ಬಂದಾಗ ದನಿ ಕೇಳಿತು, ಈ ಸಲ ಹಿಂದಿನಿಂದಲ್ಲ, ಮುಂದಿನಿಂದ.

"ಅಕ್ಕಾ, ಬಲಕ್ಕೆ ಬಾ."

ಆ ದನಿ ಹೇಳಿದಂತೆ ಕೇಳಿ ಕೇಳಿ ರೂಢಿಯಾದ ಕೈ ನೋಡಿ, ಬಲಕ್ಕೆ ತಿರುಗಿತು. ಮಂಜಿನೊಳಗಿಂದ ಎರಡು ದೀಪ ಎದ್ದು ಬಂದವು. ಹಾರನ್ ಕೇಳಿ ಹೇಗೆ ಮೈ ಎಡಕ್ಕೆ ವಾಲಿಸಿದಳೋ, ಚರಂಡಿಗೆ ಬಿದ್ದಳು, ಮುಂಗೈ ಮುರಿಯಿತು. ಲಾರಿ ಹೋದ ಮೇಲೆ ಆ ನಿಶ್ಶಬ್ದದಲ್ಲಿ ರಸ್ತೆಯ ಬಲಬದಿಯಿಂದ ಬಿಕ್ಕುವ ಸದ್ದು ಬಂತು.

"ಒಬ್ಬಳೇ ಇರಕ್ಕಾಗ್ತಿಲ್ಲ ಅಕ್ಕಾ."

ಟೈಲರಕ್ಕ ಚರಂಡಿಯಲ್ಲಿ ಕೂತೇ ಮಾತಾಡಿದಳು. "ಬರ್ತೀನಿ ಕಣೇ. ನಿನ್ನ ಮಗಳು ದೊಡ್ಡವಳಾಗಲಿ, ಒಂದು ಮನೆ ಸೇರಲಿ, ಆಮೇಲೆ ಬಂದೇ ಬರ್ತೀನಿ. ಅಲ್ಲಿವರೆಗೆ ಯಾರನ್ನೂ ಕರೀಬೇಡ. ಗುಬ್ಬಿನಂತೂ ಕರೀಲೇಬೇಡ."

ಅಳು ನಿಂತಿತು.

ಆಮೇಲೆ ಅವಳು ಸೈಕಲ್ ಮುಟ್ಟಲಿಲ್ಲ. ಗುಬ್ಬಿಗಂತೂ ಪಕ್ಕದ ಮನೆಯ ಮಕ್ಕಳ ಸೈಕಲ್ಲಿನ ಬೆಲ್ಲು ಬಾರಿಸುವುದಕ್ಕೂ ಬಿಡಲಿಲ್ಲ. ಹುಡುಗಿ ಅತ್ತಳು, ಮುನಿಸಿಕೊಂಡಳು, ಕೊನೆಗೆ ಆಸೆಯನ್ನೇ ಬಿಟ್ಟಳು. ದೊಡ್ಡಮ್ಮ ಹೊಲಿದ ಬಟ್ಟೆ ತೊಟ್ಟುಕೊಂಡೇ ಓದಿದಳು, ಪಟ್ಟಣದಲ್ಲಿ ಔಷಧಿ ಅಂಗಡಿಯ ಕೆಲಸಕ್ಕೆ ಸೇರಿದಳು, ಅಲ್ಲಿಯೇ ಒಬ್ಬ ಸಭ್ಯನನ್ನು ಮೆಚ್ಚಿ ಮದುವೆಯಾದಳು. ಮದುವೆಯ ಉಡುಪನ್ನೂ ದೊಡ್ಡಮ್ಮನೇ ಹೊಲಿದಳು. ಅಂಚನ್ನು ಹೊಲಿದು ಬಿಚ್ಚಿ ಮತ್ತೆ ಮತ್ತೆ ಹೊಲಿಯುತ್ತಿದ್ದುದನ್ನು ತಾತನ ಹೆಂಡತಿ ನೋಡಿದ್ದಳು. ವಯಸ್ಸಾಯಿತು, ಕಣ್ಣು ಮಂಜು ಎಂದು ಟೈಲರಕ್ಕ ನಕ್ಕಿದ್ದಳು.

ಮದುವೆ ಮುಗಿದು ಮನೆ ಖಾಲಿಯಾದ ಮೇಲೆ, ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ಹೊಲಿದು ಅವರವರಿಗೆ ಮುಟ್ಟಿಸಿದಳು. ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದಳು. ಹಾಡಹಗಲು, ಒಳ್ಳೇ ಬಿಸಿಲು. ಸೈಕಲ್ಲಿಗೆ ಎಣ್ಣೆ ಬಿಡುತ್ತಿದ್ದವಳನ್ನು ಕಂಡು ತಾತ, ಈ ವಯಸ್ಸಿನಲ್ಲಿ ಎಲ್ಲಿಗಮ್ಮಾ ಎಂದು ತಡೆದ. ಮಾತು ಕೊಟ್ಟಿದ್ದೆ ಅಣ್ಣಾ ಎಂದಳು. ಆತನಿಗೆ ಚರಂಡಿಯ ಮಾತು ಗೊತ್ತಿತ್ತು. ಕೈಹಿಡಿದುಕೊಂಡ, ಬೈದ, ಕೊನೆಗೆ ಗುಬ್ಬಿಯ ಹೆಸರೆತ್ತಿದ. ಅವಳಿಗೋಸ್ಕರವೇ ಹೋಗುತ್ತಿರುವುದು ಎಂದು ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

ಆ ದಿನ ಕೆಳಗಿನ ಸೇತುವೆ ರಿಪೇರಿಯಾಗುತ್ತಿದ್ದುದರಿಂದ ರಸ್ತೆಯಲ್ಲಿ ಒಂದು ವಾಹನವೂ ಓಡಿರಲಿಲ್ಲ. ತಾತನೂ ಇನ್ನಿಬ್ಬರೂ ಹುಡುಕಿಕೊಂಡು ಹೋದಾಗ ಟೈಲರಕ್ಕ ಮೊಣಕೈ ತಿರುವಿನ ಬಲಬದಿಯ ತಡೆಗೋಡೆಗೆ ಒರಗಿ ಕೂತಿದ್ದಳು. ಸೈಕಲ್ ಪಕ್ಕದಲ್ಲಿ ಸ್ಟ್ಯಾಂಡ್ ಹಾಕಿ ನಿಂತಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ತಲೆ ಒಂದು ಕಡೆಗೆ ವಾಲಿತ್ತು, ಯಾರದೋ ಮಾತಿಗೆ ಕಿವಿಗೊಟ್ಟವಳ ಹಾಗೆ...

ತಾತ ಮಾತು ನಿಲ್ಲಿಸಿದ. ಒಲೆಯೊಳಗೆ ಕೊಳ್ಳಿ ಕುಸಿಯಿತು. ಚಹಾ ಆರಿಹೋಗಿತ್ತು, ಯಾರೂ ಲೋಟ ಮುಟ್ಟಲಿಲ್ಲ. ನಕ್ಷೆಯವನು ಅದನ್ನು ಮಡಚುತ್ತ, ಆಮೇಲೆ ಆ ರಸ್ತೆಯಲ್ಲಿ ಏನೂ ಆಗಲಿಲ್ಲವಾ ಎಂದು ಕೇಳಿದ.

"ಏನೂ ಇಲ್ಲ. ಇಷ್ಟು ವರ್ಷ ಒಬ್ಬರ ಕೂದಲೂ ಕೊಂಕಲಿಲ್ಲ. ಕೆಲವರಿಗೆ ಅಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಂಡು ನಗೋದು ಕೇಳಿಸ್ತಿತ್ತಂತೆ, ಅಷ್ಟೇ. ತಂಗಿಗೆ ಜೊತೆ ಸಿಕ್ತು, ಬಿಡು, ಎಲ್ಲ ಮುಗೀತು ಅಂದ್ಕೊಂಡಿದ್ದೆ." ತಾತ ಮೊದಲ ಸಲ ಕಣ್ಣು ತೆರೆದ. "ಮೊನ್ನೆ ಹಾಲಿನ ವ್ಯಾನಿನವನು ಬಂದಿದ್ದ. ಈ ಕಡೆಗೆ ಹೊಸಬ, ಅವನಿಗೆ ಯಾರ ಹೆಸರೂ ಗೊತ್ತಿಲ್ಲ. ತಿರುವಲ್ಲಿ ಇಬ್ಬರು ಹೆಂಗಸರು ನಿಂತು ಗುಬ್ಬೀ ಗುಬ್ಬೀ ಅಂತ ಕೂಗ್ತಾ ಇದ್ದಾರೆ ತಾತ, ಮಗು ಏನಾದರೂ ಕಳೆದುಹೋಗಿದೆಯಾ ಅಂತ ಕೇಳಿದ. ಇಬ್ಬರೂ, ಒಟ್ಟಿಗೆ..."

ಮಳೆ ಸ್ವಲ್ಪ ಇಳಿದಿತ್ತು. ತಾತನ ದನಿ ಈಗ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನೀವು ಧಾರಾಳವಾಗಿ ಹೋಗಿ ಬನ್ನಿ. ಅವರು ಕರೀತಿರೋದು ನಿಮ್ಮನ್ನಲ್ಲ. ನಿನ್ನೆ ಗುಬ್ಬಿ ಫೋನ್ ಮಾಡಿದ್ದಳು. ಯಾಕೋ ಗೊತ್ತಿಲ್ಲ ತಾತ, ಇದ್ದಕ್ಕಿದ್ದ ಹಾಗೆ ಸೈಕಲ್ ಕಲೀಬೇಕು ಅನ್ನಿಸ್ತು, ಕಲಿತೂಬಿಟ್ಟೆ ಅಂದಳು. ಬೇಡ ಅಂದೆ, ಬೈದೆ, ಎಲ್ಲ ಹೇಳಿದೆ... ನಕ್ಕಳು. ಭಾನುವಾರ ಬರ್ತಾಳಂತೆ."