ಫಕ್ರುಸಾಬರ ಹಿತ್ತಾಳೆ ಬಿಲ್ಲೆ

ಮಾಬೂಬಿ ವೈನಿಯವರೇ, ಮಗಳು ನಜ್ಮಾ, ಗರಗದಿಂದ ಬಂದಿರುವ ಬಂಧುಗಳೇ, ನಮ್ಮ ಬಾಯ್ಲರ್ ಖಾತೆಯ ಗೆಳೆಯರೇ — ಎಲ್ಲರಿಗೂ ನಮಸ್ಕಾರ.

ಫಕ್ರುಸಾಬರು ತೀರಿಕೊಂಡು ಐದು ತಿಂಗಳಾಯಿತು. ಸಭೆಗೆ ಇಷ್ಟು ತಡವೇಕೆ ಎಂದು ಕೆಲವರು ಕೇಳಿದರು. ಗಂಡ ತೀರಿದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಕಳೆಯುವ ವೈನಿಯವರ ಇದ್ದತ್ ಮುಗಿಯಲಿ, ಅವರಿಲ್ಲದೆ ಸಭೆ ಬೇಡ ಎಂದು ನಾವೇ ತಡೆದೆವು. ಅದು ಸರಿಯೇ. ಆದರೆ ಸರಕಾರದ ಗಡುವಿಗೆ ಇದ್ದತ್ ಗೊತ್ತಿಲ್ಲ — ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಅವರ ಕೈ. ಹಬೆಯ ಕೊಳವೆಗೆ ಕಲ್ನಾರು, ಅದೇ ಆಸ್ಬೆಸ್ಟಾಸ್, ಸುತ್ತಿ, ನನ್ನ ಅಂಗೈಯನ್ನು ಹಿಡಿದು — ಹೀಗೆ — ಅದರ ಮೇಲೆ ಇಡಿಸುತ್ತಿದ್ದರು. ಒಳಗೆ ಕುದಿಯುವ ಹಬೆ, ಹೊರಗೆ ಬಿಸಿಯೇ ಇಲ್ಲ! ಇಪ್ಪತ್ತೊಂದು ವರ್ಷ ನೋಡಿದ್ದೇನೆ, ಬೆರಗು ತೀರಿಲ್ಲ. ಸಂಜೆಗೆ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಆ ಧೂಳು ಎದೆಗಿಳಿಯುತ್ತಿದೆ ಎಂದು ನಮಗೆ ಯಾರೂ ಹೇಳಲಿಲ್ಲ. ವಿಲಾಯತಿಯಲ್ಲಿ ಮೂವತ್ತು ವರ್ಷದ ಹಿಂದೆಯೇ ಅದಕ್ಕೆ ನಿಯಮ ಮಾಡಿದ್ದಾರೆ. ನಾನು ವಾಚನಾಲಯದಲ್ಲಿ ಓದಿ ತಿಳಿದದ್ದು ಈ ವರ್ಷ. ಮೂವತ್ತು ವರ್ಷ!

ಐವತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಅವರಿಗೆ ಉಸಿರು ಸಾಲದಾಯಿತು. ಆರು ವಾರ ಹಾಸಿಗೆ ಹಿಡಿದರು. ಬೆಳಿಗ್ಗೆ ಗೇಟಿನಲ್ಲಿ ತಮ್ಮ ತಮ್ಮ ನಂಬರಿನ ಹಿತ್ತಾಳೆಯ ಬಿಲ್ಲೆ ತೆಗೆದುಕೊಂಡು ಹಲಗೆಗೆ ತೂಗುಹಾಕಿದರೆ ನಮ್ಮಲ್ಲಿ ಹಾಜರಿ. ಆ ಆರು ವಾರ ಅವರ ಬಿಲ್ಲೆ ತೂಗುಹಾಕಿದವರು ನಾನು, ಗಂಗಪ್ಪ, ಕಮರುದ್ದೀನ. ಹೌದು — ಇಂದು ಮೊದಲ ಸಲ ಹೇಳುತ್ತಿದ್ದೇನೆ. ಪಗಾರ ನಿಲ್ಲದಿರಲಿ ಎಂದು ಹಾಕಿದೆವು. ಅವರ ಕೆಲಸವನ್ನೂ ನಾವೇ ಮಾಡಿದೆವು.

ನೋಡಲು ಹೋದಾಗ ಗಂಗಪ್ಪ ನಗಿಸಿದ: "ಫಕ್ರುಸಾಬ, ನಿನಗಿಂತ ನಿನ್ನ ಬಿಲ್ಲೆ ಗಟ್ಟಿ ಐತಿ ನೋಡ! ಒಂದ್ ದಿನಾನೂ ರಜಾ ಹಾಕಿಲ್ಲ."

ಮರುವರ್ಷ ಅವರು ಕೆಲಸ ಬಿಟ್ಟರು. ಕ್ಷಯ ಎಂದು ಔಷಧ ಕೊಟ್ಟರು. ಇದು ಕಲ್ನಾರಿನ ಬೇನೆ ಎಂದು ಮೀರಜಿನ ಡಾಕ್ಟರು ಹೇಳುವ ಹೊತ್ತಿಗೆ ಅರವತ್ತೊಂದು ಬಂದಿತ್ತು. ಪರಿಹಾರಕ್ಕೆ ಅರ್ಜಿ ಹಾಕಿದರು. ಅಧಿಕಾರಿ ಕೇಳಿದರು: "ಬೇನೆಯಿಂದ ಮೊದಲು ಗೈರುಹಾಜರಾದದ್ದು ಯಾವಾಗ? ಅಲ್ಲಿಂದ ಒಂದು ವರ್ಷದೊಳಗೆ ಬರಬೇಕಿತ್ತು. ತಡಕ್ಕೆ ಸರಿಯಾದ ಕಾರಣವಿದ್ದರೆ ಮನ್ನಿಸಬಹುದು." ಕಂಪನಿಯ ವಕೀಲರು ರಜಿಸ್ಟರು ತೆರೆದರು: "ಒಂದು ದಿನವೂ ಗೈರಿಲ್ಲ. ಬೇನೆ ಎಲ್ಲಿಂದ ಬಂತು?"

ನಾನು ಹಿಂದೆ ನಿಂತಿದ್ದೆ. ಫಕ್ರುಸಾಬರು ಒಮ್ಮೆ ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರೇ ಹೇಳಿದರು: "ರಜಿಸ್ಟರನ್ಯಾಗ ಬರೆದದ್ದು ಖರೇ ಐತ್ರಿ, ಸಾಹೇಬ್ರ."

ಅರ್ಜಿ ವಜಾ ಆಯಿತು.

ಆ ಕಚೇರಿಯಿಂದ ಇಳಿಯುವಾಗ ಮೂರು ಸಲ ಮೆಟ್ಟಿಲ ಮೇಲೆ ಕುಳಿತರು. ನಾನು ಅಳುತ್ತಿದ್ದೆ. "ಯಾಕ ಅಳ್ತಿಯೋ ಯಂಕಣ್ಣ? ನನ್ನ ಉಸುರು ಹೆಂಗೂ ಹೊಂಟೇತಿ. ನಿಮ್ಮ ಮೂರು ಮನಿ ಒಲಿ ಯಾಕ ಆರಸ್ಲಿ?" ಎಂದರು. ತ್ಯಾಗದ ಬಗ್ಗೆ ನಾನು ಬಹಳ ಪುಸ್ತಕ ಓದಿದ್ದೇನೆ. ಅದು ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕುಳಿತದ್ದನ್ನು ಕಂಡದ್ದು ಅಂದೇ.

ಇಪ್ಪತ್ತು ವರ್ಷ ಎದೆಯಲ್ಲಿ ಅಡಗಿ ಕೂರುವ ಬೇನೆಗೆ ಒಂದು ವರ್ಷದ ಗಡುವು! ಇದನ್ನು ಬರೆದವರು ಒಂದು ದಿನವಾದರೂ ಕಲ್ನಾರು ಸುತ್ತಿದ್ದರೇ?

ವೈನಿಯವರೇ, ಪರಿಹಾರ ಕೇಳಲು ನಿಮಗೆ ನಿಮ್ಮದೇ ಹಕ್ಕಿದೆ — ಅವರು ತೀರಿದ ದಿನದಿಂದ ಒಂದು ವರ್ಷ. ಐದು ತಿಂಗಳು ಹೋಯಿತು, ಏಳು ಉಳಿದಿದೆ. ಮತ್ತೆ ಅದೇ ರಜಿಸ್ಟರು ತೆರೆಯುತ್ತಾರೆ. ಅದು ಸುಳ್ಳೆಂದು ಹೇಳಬಲ್ಲವರು ನಾವು ಮೂವರೇ. ನೌಕರಿ ಹೋದೀತು. ನನಗೂ ಹೆದರಿಕೆಯಿದೆ. ಗಂಗಪ್ಪ, ತಲೆ ತಗ್ಗಿಸಬೇಡ. ನಾನು ನಿನ್ನನ್ನು ಬಯ್ಯುತ್ತಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಮಾತು ಬೇಡ. ನಿಮ್ಮ ಉಸಿರನ್ನು ನೀವು ಕೇಳಿಸಿಕೊಳ್ಳಿ — ಅವರಿಗೆ ಸಿಗದೆ ಹೋದದ್ದು ಅದು. ಆಮೇಲೆ ಎಲ್ಲರೂ ಕುಳಿತುಕೊಳ್ಳಬಹುದು. ಬಿಲ್ಲೆ ತೂಗುಹಾಕಿದವರಲ್ಲಿ ಸಾಕ್ಷಿ ಹೇಳುವವರು ಮಾತ್ರ ನಿಂತೇ ಇರಿ.

ನಾನು ಕುಳಿತುಕೊಳ್ಳುವುದಿಲ್ಲ.