ಕಾರೇವಾಡಿ ಹಳ್ಳದ ವಿಂಚಿನ ಜೀಪಿನ ಬಗ್ಗೆ ಶಿವಲಿಂಗವ್ವ ಕೊಟ್ಟ ಹೇಳಿಕೆ

ಹೆಸರು ಶಿವಲಿಂಗವ್ವ ಕೋಂ ಗುರುಪುತ್ರಪ್ಪ ಹೂಲಿ, ವಯಸ್ಸು ನಲವತ್ತಾರು, ಉದ್ಯೋಗ ಮನೆಗೆಲಸ ಹಾಗೂ ಸ್ವಂತ ಹಿಟ್ಟಿನ ಗಿರಣಿ ನೋಡಿಕೊಳ್ಳುವುದು, ಸಾಕಿನ್ ಮಚ್ಛೆ, ತಾಲೂಕು ಜಿಲ್ಲಾ ಬೆಳಗಾವಿ. ಇಂದು ದಿನಾಂಕ 15-7-1983ರಂದು ಖಾನಾಪುರ ಠಾಣೆಗೆ ಹಾಜರಾಗಿ, ಫೌಜದಾರ ಸಾಹೇಬರು ಕೇಳಿದ್ದಕ್ಕೆ ನಾನಾಗಿ ಹೇಳಿ ಬರೆಸುವುದೇನೆಂದರೆ:

ಮೇಲೆ ಬರೆದಿರುವ ಗಂಡನ ಹೆಸರನ್ನು ಹೇಳಿದವಳು ನಾನೇ. ನಿನ್ನೆ ಕಾಡಿನಲ್ಲಿ ಅರಣ್ಯ ಖಾತೆಯವರು ಕೇಳಿದಾಗ ಏಕೆ ಹೇಳಲಿಲ್ಲ ಎಂಬುದು ಮುಂದೆ ಬರುತ್ತದೆ. ಆ ಜೀಪಿನಲ್ಲಿ ನಾವು ಒಂದು ಕಟ್ಟಿಗೆಯ ಚೂರನ್ನೂ ಎಳೆದಿಲ್ಲ. ಅದಕ್ಕೆ ಕೂಡಿಸಿರುವ ವಿಂಚು, ಅಂದರೆ ಹಗ್ಗ ಸುತ್ತಿ ಎಳೆಯುವ ಯಂತ್ರ, ನಮ್ಮ ಮಗಳನ್ನು ಹಳ್ಳ ದಾಟಿಸಿ ಹೆರಿಗೆಗೆ ಕರೆತರಲು ಮನೆಯಲ್ಲಿ ರಿಪೇರಿ ಮಾಡಿದ್ದು.

ನಮಗೆ ಒಬ್ಬಳೇ ಮಗಳು, ಕಾಂತಾ. ಎರಡು ವರ್ಷದ ಹಿಂದೆ ಖಾನಾಪುರ ತಾಲೂಕಿನ ಕಾರೇವಾಡಿ ಶಾಲೆಯ ಮಾಸ್ತರ ಈರಣ್ಣನಿಗೆ ಕೊಟ್ಟಿದ್ದೇವೆ. ಅಳಿಯ ಬಂಗಾರದಂಥವನು, ಊರು ಮಾತ್ರ ಕಾಡಿನ ಹೊಟ್ಟೆಯಲ್ಲಿದೆ. ರಸ್ತೆಗೂ ಊರಿಗೂ ನಡುವೆ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಅದನ್ನು ಕೋಳಿಯೂ ದಾಟುತ್ತದೆ. ಮಳೆಗಾಲದಲ್ಲಿ ಅದರ ಆಟವೇ ಬೇರೆ.

ಕಳೆದ ವರ್ಷ ಪಂಚಮಿ ಹಬ್ಬಕ್ಕೆ ಮಗಳನ್ನು ಕರೆಯಲು ನಮ್ಮ ಜೀಪಿನಲ್ಲಿ ಹೋಗಿದ್ದೆವು. ಜೀಪು ಹಳ್ಳದ ನಡುವೆ ಹೂತು ನಿಂತಿತು. ಊರಿನವರು ಎತ್ತು ಕಟ್ಟಿ ಹಿಂದಕ್ಕೆ ಎಳೆದು ಕೊಟ್ಟರು, ಅಷ್ಟರಲ್ಲಿ ನೀರು ಏರಿತು. ಕಾಂತಾ ಹೂ ಮುಡಿದು, ಗಂಟು ಕಟ್ಟಿಕೊಂಡು ಆಚೆಯ ದಡದಲ್ಲಿ ನಿಂತಿದ್ದಳು. ನಾವು ಈಚೆಯ ದಡದಲ್ಲಿ. ಹಬ್ಬದ ಉಂಡಿಯ ಡಬ್ಬಿಯನ್ನು ಎತ್ತಿ ತೋರಿಸಿ ವಾಪಸ್ಸು ಬಂದೆವು. ನಾನು ದಾರಿಯುದ್ದಕ್ಕೂ ಅತ್ತೆ ಎಂದು ಬರೆದುಕೊಳ್ಳಬಹುದು.

ಜೀಪಿನ ಕಾಗದಗಳು ಬೇರೆಯವರ ಹೆಸರಿನಲ್ಲಿ ಇವೆ ಎಂಬುದು ನಿಜ. ಬೆಳಗಾವಿ ಕ್ಯಾಂಪಿನಲ್ಲಿದ್ದ ಒಬ್ಬ ನಿವೃತ್ತ ಸುಬೇದಾರರಿಂದ, ಗಿರಣಿಗೆ ಚೀಲ ಸಾಗಿಸಲೆಂದು ತೆಗೆದುಕೊಂಡದ್ದು. ಹೆಸರು ಬದಲಾಯಿಸುವುದು ಇವತ್ತು ನಾಳೆ ಎಂದು ಉಳಿದುಹೋಯಿತು. ನನ್ನ ಯಜಮಾನರ ಎಲ್ಲ ಕೆಲಸಗಳೂ ಹೀಗೆಯೇ. ಯಾವುದನ್ನಾದರೂ ಬಿಚ್ಚಲು ಅವರಷ್ಟು ಉತ್ಸಾಹ ಯಾರಿಗೂ ಇಲ್ಲ. ತಿರುಗಿ ಜೋಡಿಸಿದಾಗ ಒಂದೆರಡು ಸಾಮಾನು ಹೊರಗೆ ಉಳಿಯುವುದು ನಮ್ಮ ಮನೆಯ ವಾಡಿಕೆ.

ಈ ವರ್ಷ ಚಳಿಗಾಲದಲ್ಲಿ ಕಾಂತಾ ಗರ್ಭಿಣಿ ಎಂದು ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಮರುದಿನವೇ ನನ್ನ ಯಜಮಾನರು ಕ್ಯಾಂಪ್ ಕಡೆಯ ಗುಜರಿಯಿಂದ ಈ ವಿಂಚನ್ನು ತಂದರು. ಇದು ಮಿಲಿಟರಿಯ ಹಳೆಯ ಜೀಪಿನದು. ಜೀಪಿನ ಮುಂಭಾಗಕ್ಕೆ ಕೂಡಿಸಿ, ಉರುಳೆಗೆ ತಂತಿಯ ಹಗ್ಗ ಸುತ್ತಿರುತ್ತಾರೆ. ಹಗ್ಗದ ತುದಿಯನ್ನು ಎದುರಿನ ಮರಕ್ಕೆ ಕಟ್ಟಿದರೆ, ಇಂಜಿನ್ನಿನ ಬಲದಿಂದ ಉರುಳೆ ತಿರುಗಿ, ಕೆಸರಿನಲ್ಲಿ ಸಿಕ್ಕ ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದೆ. ಮನೆಗೆ ತಂದಾಗ ಅದು ಏನನ್ನೂ ಎಳೆಯುವ ಸ್ಥಿತಿಯಲ್ಲಿ ಇರಲಿಲ್ಲ. ಉರುಳೆ ತುಕ್ಕು ಹಿಡಿದಿತ್ತು, ಒಳಗಿನ ಗಾಲಿಯ ಹಲ್ಲು ಮುರಿದಿದ್ದವು. ಇದನ್ನು ಹೊತ್ತು ತಂದವರಿಗೆ ಎರಡು ಕೈ ಎತ್ತಿ ಮುಗಿಯಬೇಕು ಎಂದು ನಾನು ಹೇಳಿದ್ದು ನಿಜ.

ರಿಪೇರಿ ನಡೆದದ್ದು ಗಿರಣಿಯಲ್ಲಿ ಅಲ್ಲ, ನಮ್ಮ ಪಡಸಾಲೆಯಲ್ಲಿ. ಗಿರಣಿಯಲ್ಲಿ ಹಿಟ್ಟಿನ ಧೂಳು ಗ್ರೀಸಿಗೆ ಹತ್ತುತ್ತದೆ ಎಂದು ಅವರು ಹೇಳಿದರು. ಪಡಸಾಲೆಗೆ ಗ್ರೀಸು ಹತ್ತುವುದರ ಬಗ್ಗೆ ಅವರಿಗೆ ಚಿಂತೆ ಇರಲಿಲ್ಲ. ನಾನು ಹೋಳಿಗೆಯ ಹಿಟ್ಟು ನಾದುವ ಪರಾತದಲ್ಲಿ ಸೀಮೆಎಣ್ಣೆ ಸುರಿದು ಹಲ್ಲಿನ ಗಾಲಿಗಳನ್ನು ನೆನೆಸಿದರು. ಆ ಮೂರು ತಿಂಗಳು ನಮ್ಮ ಮನೆಗೆ ಬಂದ ಬೀಗರು ಯಾರೂ ಎರಡನೆಯ ರೊಟ್ಟಿ ಕೇಳಲಿಲ್ಲ. ನನ್ನ ಯಜಮಾನರ ಬೆರಳುಗಳು ದಪ್ಪ. ಬೇರಿಂಗಿನ ಸಣ್ಣ ಗುಂಡುಗಳನ್ನು ಬಳೆಯಂಥ ಬಿಲ್ಲೆಯೊಳಗೆ ಕೂಡಿಸಲು ಅವರಿಂದ ಆಗಲಿಲ್ಲ. ಎರಡು ದಿನ ಬೈದುಕೊಂಡು ನೋಡಿದೆ, ಮೂರನೆಯ ದಿನ ಸೆರಗು ಕಟ್ಟಿ ಎದುರಿಗೆ ಕುಳಿತು ನಾನೇ ಕೂಡಿಸಿದೆ. ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಎದುರುಬದುರು ಕುಳಿತದ್ದು ಅದೇ ಮೊದಲು. ನನಗೆ ಅದು ಬೇಸರವಾಗಲಿಲ್ಲ.

ಮಾರ್ಚಿನಲ್ಲಿ ಗಿರಣಿಯ ಅಂಗಳದಲ್ಲಿ ಮೊದಲ ಪರೀಕ್ಷೆ ಮಾಡಿದರು. ಹಗ್ಗವನ್ನು ಹುಣಸೆಮರಕ್ಕೆ ಕಟ್ಟಿದರು. ತಂತಿ ತೊಗಟೆ ಕೊಯ್ಯಬಾರದೆಂದು ಮರಕ್ಕೆ ಗೋಣಿಚೀಲ ಸುತ್ತಿದರು. ಈ ವಿಂಚಿನಲ್ಲಿ ಇಂಜಿನ್ನಿನ ಕಡೆಯ ಸರಳನ್ನೂ ಉರುಳೆಯನ್ನೂ ಸೇರಿಸುವ ಬೆರಳುದ್ದದ ಒಂದು ಪಿನ್ನು ಇದೆ. ಅದು ಮುರಿದೇ ಬಂದಿತ್ತು. ಮತ್ತೆ ಮುರಿಯದಿರಲೆಂದು ನನ್ನ ಯಜಮಾನರು ಒಳ್ಳೆಯ ಉಕ್ಕಿನ ಪಿನ್ನು ಹಾಕಿದ್ದರು. ಜೀಪಿನ ಗಾಲಿ ಕಲ್ಲಿಗೆ ತಡೆಯಿತು, ಪಿನ್ನು ಗಟ್ಟಿಯಾಗಿ ನಿಂತಿತು, ವಿಂಚಿನ ಒಳಗೆ ಹೊಸದಾಗಿ ಹಾಕಿದ್ದ ಗಾಲಿಯ ಹಲ್ಲು ಹಾರಿಹೋದವು. ಅವರು ಮುರಿದ ಹಲ್ಲುಗಳನ್ನು ಆರಿಸಿ ಕಟ್ಟೆಯ ಮೇಲೆ ಇಟ್ಟರು. ಆಮೇಲೆ ನನಗೆ ಹೇಳಿದ್ದು ಇಷ್ಟು:

"ಮುರೀಲಿ ಅಂತನ ಇಟ್ಟಿದ್ದ ಪಿನ್ನು ಅದು. ಭಾರ ಹೆಚ್ಚಾದ್ರ ಅದು ಮುರಿದು ಉಳದದ್ದನ್ನ ಕಾಯ್ತದ. ನಾ ಅದನ್ನ ಗಟ್ಟಿ ಮಾಡಿ ಎಲ್ಲಾ ಹಾಳ ಮಾಡಿದೆ."

ಅದಕ್ಕೆ ಹಿತ್ತಾಳೆಯಂಥ ಮೆತ್ತನೆಯ ಲೋಹ ಬೇಕಿತ್ತು. ನನ್ನ ತವರಿನಿಂದ ಬಂದ ಹಿತ್ತಾಳೆ ಸೌಟನ್ನು ನಾನೇ ಕೊಟ್ಟೆ. ಅವರು ಕೇಳಿರಲಿಲ್ಲ, ಕೇಳಿದ್ದರೆ ಕೊಡುತ್ತಿರಲಿಲ್ಲ. ಸೌಟಿನ ಹಿಡಿಯಿಂದ ಎರಡು ಪಿನ್ನುಗಳಾದವು. ಬೇರೆ ಗಾಲಿ ಹುಡುಕಿ ತಂದು ಹಾಕಿದ ಮೇಲೆ, ಮೇ ತಿಂಗಳಲ್ಲಿ ಎರಡನೆಯ ಪರೀಕ್ಷೆಯಲ್ಲಿ, ಜೀಪು ತಾನಾಗಿ ಮರದ ಹತ್ತಿರ ತೆವಳಿಕೊಂಡು ಬಂತು. ಅವರು ಒಬ್ಬರೇ ನಗುತ್ತಿದ್ದರು. ನಾನೂ ನಕ್ಕೆ, ಆದರೆ ಗಿರಣಿಯ ಒಳಗೆ ಹೋಗಿ ನಕ್ಕೆ.

ಕಾಂತಾಳನ್ನು ಏಳನೆಯ ತಿಂಗಳಲ್ಲಿ ಬೇಸಿಗೆ ಇರುವಾಗಲೇ ಕರೆತರಬೇಕಿತ್ತು. ಅದೇ ವೇಳೆಗೆ ಅವಳ ಅತ್ತೆ ಸಾತವ್ವನವರು ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವರನ್ನು ಬಿಟ್ಟು ಬರಲು ಕಾಂತಾ ಒಪ್ಪಲಿಲ್ಲ. ಎಂಟನೆಯ ತಿಂಗಳಲ್ಲಿ ಕರೆಯುವ ಪದ್ಧತಿ ನಮ್ಮಲ್ಲಿ ಇಲ್ಲ. ಒಂಬತ್ತು ತುಂಬುವ ಹೊತ್ತಿಗೆ ಮಳೆ ಹಿಡಿದಿತ್ತು.

ನಿನ್ನೆ ದಿನಾಂಕ 14ರಂದು ಬೆಳಿಗ್ಗೆ ಏಳು ಗಂಟೆಗೆ ಲಿಂಗಪೂಜೆ ಮುಗಿಸಿ, ಉಡಿ ತುಂಬುವ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತೆಗೆದುಕೊಂಡು ನಾವಿಬ್ಬರೂ ಮಚ್ಛೆಯಿಂದ ಹೊರಟೆವು. ಹತ್ತು ಗಂಟೆಯ ಸುಮಾರಿಗೆ ಹಳ್ಳಕ್ಕೆ ಬಂದೆವು. ನೀರು ತೊಡೆಯವರೆಗೆ ಇತ್ತು. ನನ್ನ ಯಜಮಾನರು ಹಗ್ಗ ಹಿಡಿದು ಆಚೆ ದಡಕ್ಕೆ ಹೋಗಿ, ಮತ್ತಿಮರಕ್ಕೆ ಗೋಣಿಚೀಲ ಸುತ್ತಿ ಕಟ್ಟಿ ಬಂದರು. ಜೀಪು ಅರ್ಧ ಹಳ್ಳ ದಾಟಿತು. ಅಲ್ಲಿ ಕಲ್ಲಿಗೆ ತಡೆದು ಪಿನ್ನು ಮುರಿಯಿತು. ಇನ್ನೊಂದು ಪಿನ್ನು ಮಚ್ಛೆಯಲ್ಲಿ ಕಿಟಕಿಯ ಮೇಲೆ ಉಳಿದಿತ್ತು.

ಕಾರೇವಾಡಿ ಅಲ್ಲಿಂದ ಮೂರು ಮೈಲು. ತಾವು ನಡೆದು ಹೋಗಿ, ಹಿತ್ತಾಳೆಯ ಒಂದು ತುಂಡು ಹುಡುಕಿಕೊಂಡು, ಕಾಂತಾಳನ್ನು ಎತ್ತಿನ ಚಕ್ಕಡಿಯಲ್ಲಿ ದಡದವರೆಗೆ ತರುವುದಾಗಿ ಯಜಮಾನರು ಹೇಳಿದರು. ಏನೇ ಆದರೂ ಜೀಪು ಬಿಟ್ಟು ಹೋಗಬೇಡ ಎಂದು ನನಗೆ ತಾಕೀತು ಮಾಡಿದರು. ನಾನು ಜೀಪಿನಲ್ಲೇ ಕೊಡೆ ಹಿಡಿದು ಕುಳಿತೆ.

ಹನ್ನೆರಡು ಗಂಟೆಗೆ ಅರಣ್ಯ ಖಾತೆಯ ಲಾರಿ ಬಂತು. ನಾಲ್ವರು ಗಾರ್ಡುಗಳಿದ್ದರು. ಆ ಕಾಡಿನಿಂದ ಹಿಂದಿನ ವಾರ ಸಾಗವಾನಿ ದಿಮ್ಮಿಗಳು ಕಳುವಾಗಿದ್ದವು ಎಂದು ನನಗೆ ಆಮೇಲೆ ತಿಳಿಯಿತು. ಅವರು ಮರಕ್ಕೆ ಕಟ್ಟಿದ್ದ ತಂತಿ ಹಗ್ಗ ನೋಡಿದರು, ಜೀಪಿನ ಕಾಗದ ನೋಡಿದರು. ಅವರಲ್ಲಿ ಹಿರಿಯರು ಮೈಸೂರು ಕಡೆಯವರು, ಮರ್ಯಾದೆಯಿಂದಲೇ ಮಾತಾಡಿದರು. ಜೀಪು ಯಾರದು ಎಂದು ಕೇಳಿದರು. ನಮ್ಮ ಮನೆಯವರದು ಎಂದೆ. ಹೆಸರು ಕೇಳಿದರು. ಕಾಂತಾನ ಅಪ್ಪ ಎಂದೆ. ಅದು ಹೆಸರಲ್ಲ, ಹೆಸರು ಹೇಳಿ ಎಂದರು. ನಾನು ಸುಮ್ಮನಾದೆ. ಹೆಸರು ಮುಚ್ಚಿಡುತ್ತಿದ್ದೇನೆ, ಆಸಾಮಿ ಕಾಡಿನೊಳಗೆ ಓಡಿಹೋಗಿದ್ದಾನೆ ಎಂದು ಅವರು ತಿಳಿದರು.

ನಮ್ಮಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಂದ ಹೇಳುವುದಿಲ್ಲ. ಮದುವೆ, ಸೀಮಂತಗಳಲ್ಲಿ ಹೆಂಗಸರು ಅಡ್ಡಗಟ್ಟಿ ಕೇಳಿದರೆ, ಒಡಪು ಎಂಬ ಪ್ರಾಸದ ಸಾಲು ಕಟ್ಟಿ ಅದರ ಕೊನೆಗೆ ಹೆಸರನ್ನು ಸೇರಿಸಿ ಹೇಳುತ್ತೇವೆ. ನನಗೆ ಒಳ್ಳೊಳ್ಳೆಯ ಒಡಪು ಬರುತ್ತವೆ. ಆದರೆ ಸುರಿಯುವ ಮಳೆಯಲ್ಲಿ, ಹಳ್ಳದ ನಡುವೆ, ನಾಲ್ವರು ಪರಗಂಡಸರ ಮುಂದೆ ಒಡಪು ಹೇಳಲು ಅದೇನು ಸೀಮಂತದ ಮನೆಯೇ? ಅವರು ಕೇಳಿದ್ದು ತಪ್ಪು ಎನ್ನುವುದಿಲ್ಲ. ನಾನು ಹೇಳದಿದ್ದುದೂ ತಪ್ಪಲ್ಲ.

ಅವರು ಹಗ್ಗ ಬಿಚ್ಚಿ, ಜೀಪನ್ನು ಲಾರಿಗೆ ಕಟ್ಟಿ ಹಿಂದಕ್ಕೆ ಎಳೆದರು. ನನ್ನನ್ನು ಇಳಿಯಲು ಹೇಳಿದರು. ಜೀಪು ಬಿಡಬಾರದೆಂದು ಯಜಮಾನರು ಹೇಳಿದ್ದರಿಂದ ನಾನು ಇಳಿಯಲಿಲ್ಲ. ಹೀಗಾಗಿ ಜೀಪಿನ ಜೊತೆ ನಾನೂ ಖಾನಾಪುರಕ್ಕೆ ಬಂದೆ. ಯಾರೂ ನನ್ನನ್ನು ಬಲವಂತದಿಂದ ತಂದಿಲ್ಲ.

ಒಂದೂವರೆಗೆ ಠಾಣೆಗೆ ಮುಟ್ಟಿದೆವು. ಹವಾಲ್ದಾರ ಸಿದರಾಯ ಅವರು ಬೆಂಚು ತೋರಿಸಿ ನೀರು ಕೊಟ್ಟರು. ನೀರು ಕುಡಿಯುವಾಗ ನನಗೆ ಒಮ್ಮೆಲೇ ಹೊಳೆಯಿತು. ಇಷ್ಟು ಹೊತ್ತಿಗೆ ನನ್ನ ಯಜಮಾನರು ಮಗಳನ್ನು ಕರೆದುಕೊಂಡು ಹಳ್ಳಕ್ಕೆ ಬಂದಿರುತ್ತಾರೆ. ಅಲ್ಲಿ ಜೀಪಿಲ್ಲ, ನಾನಿಲ್ಲ, ನೀರು ಏರುತ್ತಿದೆ. ಜೀಪಿನ ಸಮೇತ ನಾನು ಕೊಚ್ಚಿಹೋದೆ ಎಂದಲ್ಲದೆ ಅವರು ಬೇರೆ ಏನು ತಿಳಿದಾರು? ಅವ್ವ ಹೋದಳು ಎಂದು ಕಾಂತಾ ಆ ಹೊಟ್ಟೆ ಹೊತ್ತುಕೊಂಡು ನೀರಿಗೆ ಇಳಿದರೆ? ಲೋಟವನ್ನು ಬೆಂಚಿನ ಮೇಲೆ ಇಟ್ಟೆ. ಎದ್ದು ಹೋಗಿ ಫೌಜದಾರ ಸಾಹೇಬರ ಮೇಜಿನ ಮುಂದೆ ನಿಂತು ಹೇಳಿದೆ:

"ಗುರುಪುತ್ರಪ್ಪ. ಬರ್ಕೋರ್ರಿ ಸಾಹೇಬ್ರ, ನನ್ನ ಗಂಡನ ಹೆಸರು ಗುರುಪುತ್ರಪ್ಪ. ಮಚ್ಛೆದಾಗ ಗಿರಣಿ ಐತಿ. ಏನ್ ಕೇಳೂದೈತಿ ಆಮ್ಯಾಲೆ ಕೇಳ್ರಿ, ಮೊದಲ ಗಾಡಿ ಬಿಡ್ರಿ. ನನ್ನ ಮಗಳು ದಿನ ತುಂಬಿದಾಕಿ ಹಳ್ಳದ ದಂಡಿ ಮ್ಯಾಲೆ ಅದಾಳ."

ಹವಾಲ್ದಾರರು ಈ ಕಡೆಯವರೇ. ಅವರು ಲೇಖನಿ ಕೆಳಗಿಟ್ಟು ಎದ್ದು ನಿಂತು, ಸಾಹೇಬರಿಗೆ ನಮ್ಮ ಪದ್ಧತಿಯನ್ನು ತಿಳಿಸಿ ಹೇಳಿದರು. ಸಾಹೇಬರು ಹೆಚ್ಚಿಗೆ ಏನೂ ಕೇಳದೆ ನನ್ನ ಜೊತೆ ಅದೇ ಲಾರಿಯನ್ನೂ ಗಾರ್ಡುಗಳನ್ನೂ ಜೀಪನ್ನೂ ಹವಾಲ್ದಾರರನ್ನೂ ಕಳುಹಿಸಿದರು. ದಾರಿಯಲ್ಲಿ ಸೈಕಲ್ ಅಂಗಡಿಯವರು ಪಿನ್ನಿಗೆಂದು ಉಕ್ಕಿನ ಸರಳು ತೆಗೆದರು. ಅದು ಬೇಡ, ಹಿತ್ತಾಳೆಯೇ ಆಗಬೇಕು ಎಂದು ನಾನು ಹೇಳಿ, ಹಿತ್ತಾಳೆಯ ತುಂಡು ಕತ್ತರಿಸಿ ಹಾಕಿಸಿದೆ.

ಮೂರು ಗಂಟೆಯ ನಂತರ ಹಳ್ಳದ ತಿರುವಿಗೆ ಬಂದಾಗ ಯಾರೋ ಕೂಗುವುದು ಕೇಳಿತು. ಆಚೆ ದಡದಲ್ಲಿ ಚಕ್ಕಡಿ ನಿಂತಿತ್ತು. ಕಾಂತಾ ಕಂಬಳಿ ಹೊದ್ದು ಅದರಲ್ಲಿ ಕುಳಿತಿದ್ದಳು, ಅಳಿಯ ಈರಣ್ಣ ಅವಳನ್ನು ಇಳಿಯಗೊಡದೆ ಎರಡೂ ಕೈಯಿಂದ ಹಿಡಿದಿದ್ದ. ನನ್ನ ಯಜಮಾನರು ದಾಟುವ ಜಾಗದಿಂದ ಕೆಳಗೆ, ಸೊಂಟದವರೆಗಿನ ನೀರಿನಲ್ಲಿ ನಿಂತು, ಬಿದಿರಿನ ಗಳದಿಂದ ಪೊದೆಗಳಲ್ಲಿ ಹುಡುಕುತ್ತಿದ್ದರು. ಹುಡುಕುತ್ತ ಕೂಗುತ್ತಿದ್ದರು. ಯಾರನ್ನು ಕೂಗುತ್ತಿದ್ದಾರೆ ಎಂದು ನನಗೆ ಮೊದಲಿಗೆ ತಿಳಿಯಲಿಲ್ಲ.

"ಶಿವಲಿಂಗವ್ವಾ... ಶಿವಲಿಂಗೀ..."

ಮದುವೆಯಾಗಿ ಇಪ್ಪತ್ತಾರು ವರ್ಷ. ಅವರು ನನ್ನನ್ನು ಏ ಎಂದಿದ್ದಾರೆ, ಕೇಳಿಸ್ತೇನ ಎಂದಿದ್ದಾರೆ, ಮಗಳು ಹುಟ್ಟಿದ ಮೇಲೆ ಕಾಂತಾನ ಅವ್ವ ಎಂದಿದ್ದಾರೆ. ಆ ಹೆಸರು ಅವರಿಗೆ ನೆನಪಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇಲ್ಲಿದ್ದೇನೆ ಎಂದು ನಾನು ಕೂಗಿ ಹೇಳಿದೆ. ಅವರು ತಿರುಗಿ ನೋಡಿ, ಗಳವನ್ನು ನೀರಿಗೆ ಬಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ನಂತರ ಹವಾಲ್ದಾರರ ಸಹಾಯದಿಂದ ಹಗ್ಗವನ್ನು ತಿರುಗಿ ಮತ್ತಿಮರಕ್ಕೆ ಕಟ್ಟಿದರು. ಜೀಪು ಆಚೆ ಹೋಯಿತು. ಕಾಂತಾಳನ್ನು ಕೂರಿಸಿಕೊಂಡು, ಹಗ್ಗವನ್ನು ಈಚೆಯ ಮರಕ್ಕೆ ಬದಲಿಸಿ, ನಾಲ್ಕೂವರೆಗೆ ಜೀಪು ಈ ದಡಕ್ಕೆ ಬಂತು. ಪಿನ್ನು ಮುರಿಯಲಿಲ್ಲ. ದಡದಲ್ಲೇ ಮಗಳ ಉಡಿ ತುಂಬಿದೆ. ಗಾರ್ಡುಗಳಿಗೂ ಕೊಬ್ಬರಿ ಕೊಟ್ಟೆ. ಕಾಂತಾ ಈಗ ಮಚ್ಛೆಯ ಮನೆಯಲ್ಲಿ ಸುಖವಾಗಿದ್ದಾಳೆ. ಯಾರ ಮೇಲೂ ನನ್ನ ತಕರಾರಿಲ್ಲ.

ಇದನ್ನು ಹವಾಲ್ದಾರರು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಬರೆದಿದ್ದಾರೆ, ಹೆಚ್ಚು ಕಡಿಮೆ ಇಲ್ಲ. ನನ್ನ ಯಜಮಾನರು ಹಳ್ಳದಲ್ಲಿ ನನ್ನ ಹೆಸರು ಹಿಡಿದು ಕೂಗಿದ್ದು ಪ್ರಕರಣಕ್ಕೆ ಬೇಕಾದ ಸಂಗತಿಯಲ್ಲ, ಆ ಸಾಲುಗಳನ್ನು ತೆಗೆದುಹಾಕಬಹುದೇ ಎಂದು ಅವರು ಕೇಳಿದರು. ತೆಗೆಯಬಾರದು ಎಂದು ಹೇಳಿ, ಅವು ಇರುವುದನ್ನು ಕಣ್ಣಾರೆ ನೋಡಿ, ಸಹಿ ಮಾಡಿದ್ದೇನೆ.

ಸ್ಥಳ: ಖಾನಾಪುರ
ದಿನಾಂಕ: 15-7-1983

ಸಹಿ: ಶಿವಲಿಂಗವ್ವ ಗುರುಪುತ್ರಪ್ಪ ಹೂಲಿ