ಭೂಮಿಯನ್ನು ನಡುವಿಗಿಟ್ಟು ಪಾಠ ಶುರುಮಾಡಿದವರು

ವೇಣುಗೋಪಾಲ್ ಮೇಷ್ಟ್ರ ಶ್ರೀಮತಿ ಗಂಗರತ್ನಮ್ಮನವರೇ, ಮನೆಯ ಬಂಧುಗಳೇ, ಗೌನಿಪಲ್ಲಿ ಸುತ್ತಮುತ್ತಲಿನಿಂದ ಬಂದಿರುವ ಹಳೆಯ ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ. ನಾನು ಆಂಜಿನಪ್ಪ, ಗಣಿತದ ಮೇಷ್ಟ್ರು. ನಮ್ಮನ್ನಗಲಿದ ವಿಜ್ಞಾನದ ಮೇಷ್ಟ್ರು ವೇಣುಗೋಪಾಲ್ ಅವರ ಜೊತೆ ಹದಿನಾಲ್ಕು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತವನು. ಅವರನ್ನು ಹೊಗಳೋಕೆ ಬಂದಿಲ್ಲ. ಒಂದು ತಪ್ಪು ಒಪ್ಪಿಕೊಳ್ಳೋಕೆ ಬಂದಿದ್ದೀನಿ.

ಅವರ ಪಾಠ ನಿಮಗೆ ಗೊತ್ತೇ ಇದೆ. ರೇಷ್ಮೆಹುಳು ಗೂಡು ಕಟ್ಟುವ ಹಳೇ ಚಂದ್ರಿಕೆಯೊಂದನ್ನು ಗೋಡೆಗೆ ಒರಗಿಸೋರು. ಅದರ ಬಿದಿರಿನ ಸುತ್ತುಗಳ ನಟ್ಟನಡುವೆ — ಹೀಗೆ, ಇಲ್ಲಿ — ಒಂದು ಮಣ್ಣುಂಡೆ. "ಇದು ಭೂಮಿ. ಅಲ್ಲಾಡಲ್ಲ. ಶುಕ್ರ, ಸೂರ್ಯ, ಎಲ್ಲಾ ಇದನ್ನೇ ಸುತ್ತುತ್ತವೆ." ಹದಿನೈದು ದಿನ ಇದೇ ಪಾಠ! ನೂರಾರು ವರ್ಷ ದೊಡ್ಡ ದೊಡ್ಡ ಪಂಡಿತರು ನಂಬಿದ್ದನ್ನ ಒಂದೇ ಮಾತಲ್ಲಿ ತಪ್ಪು ಅಂದುಬಿಟ್ಟರೆ ಮಕ್ಕಳು ಕಲಿಯೋದೇನು ಅಂತ ಅವರ ಹಟ.

ನನಗೆ ರೇಗಿಹೋಯಿತು. ಪಬ್ಲಿಕ್ ಪರೀಕ್ಷೆ ಬರೆಯೋ ಮಕ್ಕಳು! ಹೆಸರು ಹಾಕದೆ ಮೇಲಧಿಕಾರಿಗೆ ಅರ್ಜಿ ಬರೆದೆ — "ಇವರು ಮಕ್ಕಳಿಗೆ ಸುಳ್ಳು ಕಲಿಸುತ್ತಿದ್ದಾರೆ." ಪೋಸ್ಟ್ ಡಬ್ಬಕ್ಕೆ ಹಾಕಿಯೂ ಬಂದೆ.

ಅವತ್ತೇ ಸಂಜೆ ಮೇಷ್ಟ್ರು ಆಟದ ಮೈದಾನದಲ್ಲಿ ದೂರದರ್ಶಕ ಇಟ್ಟಿದ್ದರು. ವೆಂಕಟರಾಯಪ್ಪನವರ ಮಗಳು ರಂಜಿತ — ಈಗ ಇಲ್ಲೇ ಮುಂದಿನ ಸಾಲಿನಲ್ಲಿದ್ದಾಳೆ — ಕಣ್ಣಿಟ್ಟು ನೋಡಿದಳು.

"ಸಾರ್, ಶುಕ್ರ ಹೆಚ್ಚುಕಮ್ಮಿ ದುಂಡಗೈತೆ. ನಿಮ್ ಚಂದ್ರಿಕೇಲಿ ಅದು ಯಾವಾಗ್ಲೂ ನಮಗೂ ಸೂರ್ಯನಿಗೂ ನಡುವೇನೇ ಐತಲ್ಲ? ಬೆಳಕು ಬೀಳೋ ಮುಖ ಸೂರ್ಯನ ಕಡೆಗಿರಬೇಕು, ನಮ್ ಕಡೆಗಲ್ಲ. ದುಂಡಗೆ ಹೆಂಗೆ ಕಾಣುತ್ತೆ? ನಿಮ್ದು ತಪ್ಪು ಸಾರ್."

ಆ ಮನುಷ್ಯ ಕುಣಿದಾಡಿಬಿಟ್ಟರು! "ಹಂಗಾದ್ರೆ ನೀನೇ ಸರಿಮಾಡಮ್ಮ" ಅಂದರು. ಅವಳು ಸೂರ್ಯನನ್ನು ನಡುವಿಗೆ ತಂದಳು.

ಅಲ್ಲಿಗೆ ಮುಗೀತಾ? ಇಲ್ಲ. ಮುಂದಿನ ವಾರ, ಗ್ರಹಗಳ ದಾರಿ ಪೂರ್ತಿ ದುಂಡಗಿಲ್ಲ, ಕೊಂಚ ಎಳೆದ ಹಾಗಿದೆ ಅಂದರು. ಆಮೇಲೆ ಸೂರ್ಯನೂ ನಡುವಿನಲ್ಲಿಲ್ಲ, ಕೋಟ್ಯಂತರ ನಕ್ಷತ್ರಗಳ ಗುಂಪಲ್ಲಿ ಎಲ್ಲೋ ಒಂದು ಕಡೆ ಇದ್ದಾನೆ ಅಂದರು. ಅಂಥ ಗುಂಪುಗಳೇ ಲೆಕ್ಕವಿಲ್ಲದಷ್ಟು, ಒಂದರಿಂದೊಂದು ದೂರ ಸರೀತಿವೆ ಅಂದರು. "ನಡು ಅನ್ನೋದೇ ಇಲ್ಲ ಕಣ್ರೋ!"

ಅಷ್ಟರಲ್ಲಿ ನನ್ನ ಅರ್ಜಿಯ ಮೇಲೆ ಅವರಿಗೆ ನೋಟಿಸ್ ಬಂತು. ಕಚೇರಿಗೆ ಹೋಗಿ, ಕೈಕಟ್ಟಿ ನಿಂತು, ಉತ್ತರ ಕೊಟ್ಟು ಬಂದರು. ನಾನು ಬಾಯಿ ಬಿಡಲಿಲ್ಲ.

ಮುಂದಿನ ವರ್ಷ ನನ್ನ ಹತ್ತಿರ ಬಂದರು. "ಆಂಜಿನಪ್ಪನೋರೇ, ನಾನು ಪಾಠ ಮಾಡ್ತೀನಿ. ನೀವು ಹಿಂದಿನ ಬೆಂಚಲ್ಲಿ ಕೂತು ಜಗಳಕ್ಕೆ ಬನ್ನಿ." ಹನ್ನೊಂದು ವರ್ಷ — ಹನ್ನೊಂದು ವರ್ಷ ಜಗಳ ಆಡಿದೆ. ಅರ್ಜಿ ಬರೆದವನು ನಾನು ಅಂತ ಅವರಿಗೆ ಗೊತ್ತಿಲ್ಲ ಅಂದುಕೊಂಡೇ ಆಡಿದೆ.

ಮೊನ್ನೆ ಗಂಗರತ್ನಮ್ಮನವರು ಒಂದು ಹಾಳೆ ಕೈಗಿಟ್ಟರು. ಮೇಷ್ಟ್ರ ಪೆಟ್ಟಿಗೆಯಲ್ಲಿತ್ತಂತೆ. ನೋಟಿಸ್ ಜೊತೆ ಬಂದಿದ್ದ ನನ್ನ ಅರ್ಜಿಯ ಜೆರಾಕ್ಸು. ಉತ್ತರಪತ್ರಿಕೆ ತಿದ್ದುವ ಹಾಗೆ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಆಂಜಿನಪ್ಪನವರ ಅಕ್ಷರ. ಪ್ರಶ್ನೆ ಸರಿಯಾಗಿದೆ. ಇದನ್ನು ಅವರಿಂದಲೇ ಮಕ್ಕಳ ಮುಂದೆ ಕೇಳಿಸಬೇಕು."

ಅಮ್ಮಾ — ಆ ಅರ್ಜಿ ಬರೆದವನು ನಾನೇ. ಎಲ್ಲರ ಮುಂದೆ ಹೇಳ್ತಿದ್ದೀನಿ, ಕ್ಷಮಿಸಿ. ಅವರು ಪ್ರತಿ ವರ್ಷ ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ನಗುನಗುತ್ತಾ ತಪ್ಪು ಒಪ್ಪಿಕೊಳ್ಳೋರು. ನಾನು ಒಪ್ಪಿಕೊಳ್ಳೋಕೆ ಅವರೇ ಹೋಗಬೇಕಾಯಿತು.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಮಾತು ಬೇಡ. ಇಷ್ಟು ವರ್ಷ ಅವರ ಪ್ರತಿ ಮಾತಿಗೂ ಎದುರು ಮಾತಾಡಿದ್ದೀನಿ — ಇವತ್ತು ನಾನೂ ಸುಮ್ಮನೆ ನಿಲ್ತೀನಿ.